ಸುದ್ದಿ ಇಲ್ಲ ಎಂಬ ಸ್ಥಿತಿ

ರಾಯಚೂರಿನ ಆ ವಧು-ವರರ ಕೇಂದ್ರದಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ. ಇಪ್ಪತ್ತಾರು ಎಂದು ಬರೆಸಿ ಸೇರಿದ ಹುಡುಗಿ ದೀಪಾವಳಿಯ ಮೇಲೆ ದೀಪಾವಳಿ ಕಳೆದರೂ ಇಪ್ಪತ್ತಾರರಲ್ಲೇ ನಿಂತಿರುತ್ತಿದ್ದಳು. ಅವಳ ಬೆನ್ನಿಗೆ ಹುಟ್ಟಿದ ತಂಗಿ ತಡವಾಗಿ ಹೆಸರು ಬರೆಸಿದ್ದರಿಂದ, ಕಂಪ್ಯೂಟರಿನ ಪ್ರಕಾರ ಅಕ್ಕನಿಗಿಂತ ಒಂದು ವರ್ಷ ದೊಡ್ಡವಳಾಗಿದ್ದಳು. ಗಂಡಿನ ಕಡೆಯವರೊಬ್ಬರು ಇದನ್ನು ಗಮನಿಸಿ "ಇದೇನ್ ಪವಾಡರೀ?" ಎಂದು ಕೇಳಿದ ಮೇಲೆ ಕೇಂದ್ರ ನಡೆಸುವವರು ನನ್ನನ್ನು ಕರೆಸಿದರು.

ನಾನು ಊರ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಪ್ರೋಗ್ರಾಮನ್ನು ಸಣ್ಣ ಸಣ್ಣ ವಸ್ತುಗಳಾಗಿ ಒಡೆದು, ಪ್ರತಿ ವಸ್ತುವೂ ತನ್ನ ಸ್ಥಿತಿಯನ್ನು ತಾನೇ ನೋಡಿಕೊಳ್ಳುವಂತೆ ಕಟ್ಟುವುದು ಹೇಗೆ ಎಂಬುದು ನನ್ನ ವಿಷಯ. ಹೊತ್ತು ಕಳೆದಂತೆ ಸ್ಥಿತಿ ಬದಲಾಗುವ ವಸ್ತುಗಳಿಗೆ ಪಠ್ಯದಲ್ಲಿ ಯಾವಾಗಲೂ ಟ್ರಾಫಿಕ್ ಸಿಗ್ನಲ್ಲಿನ ಉದಾಹರಣೆ ಇರುತ್ತದೆ. ಕೆಂಪು ಇದ್ದದ್ದು ಹೊತ್ತಾದ ಮೇಲೆ ಹಸಿರಾಗುತ್ತದೆ. ನಮ್ಮೂರಿನ ಆಟೋಗಳು ಎರಡೂ ಬಣ್ಣಕ್ಕೆ ಸಮಾನ ಗೌರವ ಕೊಡುವುದರಿಂದ, ನನ್ನ ವಿದ್ಯಾರ್ಥಿಗಳಿಗೆ ಆ ಉದಾಹರಣೆ ಎಂದೂ ತಲೆಗೆ ಹತ್ತಲಿಲ್ಲ.

ಕೇಂದ್ರ ನಡೆಸುವ ಹೆಣ್ಣುಮಗಳನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ದೇವದುರ್ಗದವರು. ಅಲ್ಲಿ ಬ್ಲೌಸು ಹೊಲಿಯುತ್ತಿದ್ದಾಗ ಅಳತೆ ಕೊಡಲು ಬಂದವರ ಮನೆಯ ಸುದ್ದಿಯೆಲ್ಲ ಕಿವಿಗೆ ಬಿದ್ದು ಬಿದ್ದು, ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಮನೆಯಲ್ಲಿ ಗಂಡಿದೆ ಎಂಬುದು ಬಾಯಿಪಾಠವಾಗಿ, ಒಂದು ದಿನ ಹೊಲಿಗೆಯನ್ನೇ ಬಿಟ್ಟು ರಾಯಚೂರಿಗೆ ಬಂದು ಸಂಬಂಧ ಕೂಡಿಸಲು ನಿಂತವರು. ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಚಹಾದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಕೇಂದ್ರ. ಕಂಪ್ಯೂಟರಿಗೆ ದಿನಾ ಊದುಬತ್ತಿ ಬೆಳಗುತ್ತಿದ್ದರು. ಅದರ ಮೇಲೆ ನಂಬಿಕೆ ಮಾತ್ರ ಇರಲಿಲ್ಲ.

ವಯಸ್ಸಿನ ರೋಗ ಬಹಳ ಸರಳವಾಗಿತ್ತು. ಹಿಂದೆ ಯಾರೋ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ವಯಸ್ಸನ್ನು ಒಂದು ಅಂಕಿಯಾಗಿ ಬರೆದಿಟ್ಟುಬಿಟ್ಟಿದ್ದರು. ಬರೆದಿಟ್ಟ ಅಂಕಿ ತಾನಾಗಿ ಬೆಳೆಯುವುದಿಲ್ಲ. ಹುಟ್ಟಿದ ದಿನವನ್ನು ಬರೆದಿಡಬೇಕು. ಕೇಳಿದಾಗ ಇವತ್ತಿನ ತಾರೀಖು ನೋಡಿ ವಯಸ್ಸನ್ನು ಲೆಕ್ಕ ಹಾಕಿ ಹೇಳಬೇಕು. ಅಷ್ಟನ್ನೇ ಮಾಡಿದೆ. ಮರುದಿನ ಅಕ್ಕಾರು ಕಂಪ್ಯೂಟರಿನ ಮುಂದೆ ತಲೆಗೆ ಕೈಹೊತ್ತು ಕೂತಿದ್ದರು.

"ಏನ್ ಮಾಡಿಬಿಟ್ರಿ ಮೇಡಮ್ಮಾರೇ? ಒಂದ ಮುಂಜಾನಿಗೆ ಊರಾನ ಹುಡಿಗ್ಯಾರನ್ನೆಲ್ಲ ಮುದುಕ್ಯಾರನ್ನ ಮಾಡಿಬಿಟ್ರಿ!"

"ಅವರು ಮೊದಲ ಹಾಂಗ ಇದ್ರು ಅಕ್ಕಾರ. ಕಂಪ್ಯೂಟರಿಗೆ ಗೊತ್ತಿರಲಿಲ್ಲ ಅಷ್ಟ."

"ಗೊತ್ತಿರಲಿಲ್ಲ ಅಂದ್ರ ಏನಾತು? ಯಾರಿಗೆ ತ್ರಾಸ ಇತ್ತು ಅದರಿಂದ?"

ಆದರೆ ನಿಜವಾದ ಜಗಳ ಇನ್ನೂ ಮುಂದೆ ಕಾದಿತ್ತು.

ಪ್ರತಿ ಹೆಸರಿನ ಎದುರು ಒಂದು ಸ್ಥಿತಿ ಇತ್ತು: ಹುಡುಕುತ್ತಿದ್ದಾರೆ, ಮಾತುಕತೆಯಲ್ಲಿದೆ, ನಿಶ್ಚಯವಾಗಿದೆ. ಒಂದು ಗಂಡು ಒಂದು ಹೆಣ್ಣಿನ ಮನೆಗೆ ಹೋಗಿಬಂದರೆ ಇಬ್ಬರ ಸ್ಥಿತಿಯನ್ನೂ 'ಮಾತುಕತೆಯಲ್ಲಿದೆ' ಎಂದು ಮಾಡುತ್ತಿದ್ದರು. ಆಮೇಲೆ ಆ ಇಬ್ಬರೂ ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮರ್ಯಾದೆಯ ಪ್ರಶ್ನೆ ಅದು, ಸರಿಯೇ. ತೊಂದರೆ ಏನೆಂದರೆ, ಆ ಸ್ಥಿತಿಗೆ ಬರುವ ಬಾಗಿಲಿತ್ತು, ಹೊರಗೆ ಹೋಗುವ ಬಾಗಿಲಿರಲಿಲ್ಲ. ನಮ್ಮ ಕಡೆ ಯಾರೂ ಫೋನ್ ಮಾಡಿ "ನಿಮ್ಮ ಹುಡುಗಿ ಬ್ಯಾಡ್ರಿ" ಎನ್ನುವುದಿಲ್ಲ. "ತಿಳಸ್ತೀವ್ರಿ" ಎಂದು ಎದ್ದು ಹೋಗುತ್ತಾರೆ. ಆ ತಿಳಸ್ತೀವಿಯ ಅರ್ಥ ಮನುಷ್ಯರಿಗೆ ಮೆಲ್ಲಗೆ ತಿಳಿಯುತ್ತದೆ. ಕಂಪ್ಯೂಟರು ಮಾತ್ರ ಅದನ್ನು ಅಕ್ಷರಶಃ ನಂಬಿ, ಅವರು ತಿಳಿಸುತ್ತಾರೆಂದು ಕಾಯುತ್ತಾ ಕೂತುಬಿಡುತ್ತದೆ. ಹೀಗೆ ಕೇಂದ್ರದ ಅರ್ಧಕ್ಕರ್ಧ ಹುಡುಗಿಯರು ಎಂದೋ ತಣ್ಣಗಾದ ಮಾತುಕತೆಗಳಲ್ಲಿ ಸಿಕ್ಕಿಕೊಂಡಿದ್ದರು.

ಅವರಲ್ಲಿ ನಾನೂ ಒಬ್ಬಳು.

ನನ್ನ ಹೆಸರನ್ನು ಅಲ್ಲಿ ಬರೆಸಿದ್ದು ಅವ್ವ. ಅವಳ ಅವ್ವ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ ಅವಳನ್ನು ಓದಿಸಿದ್ದಳು. ಅವ್ವ ಅಂಗನವಾಡಿಯಲ್ಲಿ ದುಡಿದು ನನ್ನನ್ನು ಓದಿಸಿದಳು. ಓದು ಮುಗಿದು ನೌಕರಿ ಸಿಕ್ಕ ಮೇಲೆ ಉಳಿದ ಒಂದೇ ಕೆಲಸವೆಂದರೆ ನನ್ನ ಮದುವೆ ಎಂದು ಅವಳ ಲೆಕ್ಕ. ಒಂದು ಭಾನುವಾರ ಮಾನ್ವಿಯಿಂದ ಒಬ್ಬ ಗಣಿತದ ಮಾಸ್ತರ ತನ್ನ ಅಪ್ಪ-ಅವ್ವನ ಜೊತೆ ಕನ್ಯಾ ನೋಡಲು ಬಂದಿದ್ದ. ನಮ್ಮ ಮನೆಯ ಮಂಡಕ್ಕಿ ಒಗ್ಗರಣೆ ಅವರಿಗೆ ಹಿಡಿಸಿತು. ಹುಡುಗನ ಅಪ್ಪ ಎರಡು ಸಲ ಹಾಕಿಸಿಕೊಂಡರು. ಮಾಸ್ತರ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಕಾಲೇಜಿಗೆ ಬಸ್ ಅದ ಏನ್ರಿ?" ಸಂಬಳ ಎಷ್ಟು, ಅಡುಗೆ ಬರುತ್ತದೆಯೇ ಎಂದು ಕೇಳದ ಆ ಮನುಷ್ಯ ನನಗೆ ತಕ್ಕಮಟ್ಟಿಗೆ ಒಪ್ಪಿಗೆಯಾಗಿದ್ದ. ಹೋಗುವಾಗ ಅವರಪ್ಪ "ತಿಳಸ್ತೀವ್ರಿ" ಎಂದರು. ಕೆಲವು ವಾರ ಫೋನ್ ಬಂದಾಗಲೆಲ್ಲ ಅವ್ವ ಅಡುಗೆಮನೆಯಿಂದ ಹೊರಗೆ ಬರುತ್ತಿದ್ದಳು. ಆಮೇಲೆ ಬರುವುದನ್ನು ಬಿಟ್ಟಳು. ಎರಡು ವರ್ಷದ ಮೇಲಾಗಿತ್ತು.

ಹಾಗಾಗಿ ನಾನು ಅಕ್ಕಾರಿಗೆ ಹೇಳಿದ ಪರಿಹಾರದಲ್ಲಿ ಸ್ವಾರ್ಥವಿಲ್ಲವೆಂದು ಹೇಳಲಾರೆ. ಇಂತಿಷ್ಟು ದಿನ ಎರಡೂ ಕಡೆಯಿಂದ ಸುದ್ದಿ ಬರದಿದ್ದರೆ ಮಾತುಕತೆ ಮುಗಿಯಿತು ಎಂದು ಕಂಪ್ಯೂಟರೇ ತೀರ್ಮಾನಿಸಲಿ ಎಂದೆ.

ಅಕ್ಕಾರು ಒಪ್ಪಲಿಲ್ಲ. "ಸಂಬಂಧ ಮುರಿಯಾಕ ಬಾಯಿ ಬೇಕ್ರಿ. ಕ್ಯಾಲೆಂಡರ್ ಮುರೀತದೇನು?"

"ಹಾಲು ಕೆಡಾಕ ಯಾರರ ಬಾಯಿ ಬೇಕೇನ್ರಿ? ತಾನ ಕೆಡತದ. ಹೊತ್ತಾದ್ರ ಆತು."

"ಹೆಣ್ಣಮಕ್ಕಳೇನು ಹಾಲಲ್ಲರಿ."

ವಾದ ಹಲವು ಚಹಾಗಳ ತನಕ ನಡೆಯಿತು. ಕೊನೆಗೆ ಅವರ ಮನಸ್ಸು ಬದಲಿಸಿದ್ದು ನನ್ನ ತರ್ಕವಲ್ಲ. ದೇವದುರ್ಗದ ಅವರ ಸ್ವಂತ ಅಕ್ಕನ ಮಗಳು. ಅವಳಿಗೆ ಯಾಕೆ ಒಂದೂ ಸಂಬಂಧ ಬರುತ್ತಿಲ್ಲವೆಂದು ನೋಡಿದರೆ, ಅವಳೂ 'ಮಾತುಕತೆಯಲ್ಲಿದೆ'ಯ ಒಳಗೇ ಕೂತಿದ್ದಳು. ಆ ಕ್ಷಣದಿಂದ ಅಕ್ಕಾರು ನನಗಿಂತ ದೊಡ್ಡ ಕ್ರಾಂತಿಕಾರಿಯಾದರು.

ಆದರೆ ಎಷ್ಟು ದಿನ ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. "ಆಷಾಢದಾಗ ಯಾರು ಮಾತಾಡ್ತಾರ? ಆ ತಿಂಗಳು ಹಿಡೀಬ್ಯಾಡ್ರಿ" ಎಂದರು. ಮುಸ್ಲಿಂ ಮನೆಗಳವರು ಮೊಹರಂ ತಿಂಗಳಲ್ಲಿ ಮದುವೆಯ ಮಾತೆತ್ತುವುದಿಲ್ಲ, ಅದನ್ನೂ ಬಿಡಬೇಕು. ನಮ್ಮದು ಬೌದ್ಧರ ಮನೆ. ನಮಗೆ ಆಷಾಢದ ಹುಣ್ಣಿಮೆಯೇ ಹಬ್ಬ, ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಹೀಗಾಗಿ ಎಲ್ಲರಿಗೂ ಒಂದೇ ಗಡಿಯಾರ ನಡೆಯದೆ, ಪ್ರೋಗ್ರಾಮಿನೊಳಗೆ ಪ್ರತಿ ಮನೆಗೆಂದು ಮಾಡಿದ ವಸ್ತುವಿಗೂ ದಿನ ಎಣಿಸುವ ಅದರದೇ ಗಡಿಯಾರವನ್ನು ಹೊರಗಿನಿಂದ ಕಟ್ಟಿಕೊಟ್ಟೆ. ಕೆಲವು ಗಡಿಯಾರ ಆಷಾಢದಲ್ಲಿ ನಿಲ್ಲುತ್ತಿದ್ದವು, ಕೆಲವು ಮೊಹರಮ್ಮಿನಲ್ಲಿ. ನಮ್ಮದು ಎಲ್ಲೂ ನಿಲ್ಲದೆ ಓಡುತ್ತಿತ್ತು. ಹೀಗೆ ಗಡಿಯಾರವನ್ನು ಹೊರಗಿನಿಂದ ಕೊಡುವುದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಮುಂದಿನ ವರ್ಷದ ತಾರೀಖು ತೋರಿಸುವ ಸುಳ್ಳು ಗಡಿಯಾರ ಕೊಟ್ಟು, ಆಗ ಯಾರ ಸ್ಥಿತಿ ಏನಾಗುತ್ತದೆಂದು ಇವತ್ತೇ ಪರೀಕ್ಷೆ ಮಾಡಬಹುದು. ಸಾಫ್ಟ್‌ವೇರಿನ ಬಗ್ಗೆ ಇಷ್ಟು ಅಭಿಮಾನ ನನಗೆ ಹಿಂದೆಂದೂ ಬಂದಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಾರಾದರೂ ಕೇಳಿದಾಗ ದಿನ ಲೆಕ್ಕ ಹಾಕಿ ಸ್ಥಿತಿ ಹೇಳಿದರೆ ಸಾಕಿತ್ತು. ಆದರೆ ಅಕ್ಕಾರಿಗೆ ಈಗ ಹುರುಪು ಬಂದಿತ್ತು. "ಸುಮ್ನ ಒಳಗ ಬದಲಾದ್ರ ಹೆಂಗ್ರಿ? ಅವರಿಗೆ ಗೊತ್ತಾಗಬೇಕಲ್ಲ. ಮೆಸೇಜ್ ಹೋಗಲಿ. ತಾನ ಹೋಗಲಿ." ಮೆಸೇಜ್ ತಾನೇ ಹೋಗಬೇಕೆಂದರೆ ದಿನಾ ಬೆಳಿಗ್ಗೆ ಪ್ರೋಗ್ರಾಮು ಎದ್ದು, ಪ್ರತಿ ಹೆಸರಿನ ಬಾಗಿಲಿಗೂ ಹೋಗಿ, ಅವಧಿ ಮುಗಿದಿದ್ದರೆ ಸ್ಥಿತಿಯನ್ನು ಅಳಿಸಿ ಬರೆದು ಬರಬೇಕು. ಅದನ್ನೂ ಕಟ್ಟಿದೆ. ಮೆಸೇಜಿನ ಮಾತುಗಳನ್ನು ಇಬ್ಬರೂ ಸೇರಿ ಬರೆದೆವು: 'ರಾಯಚೂರಿನ ಕನ್ಯೆಯೊಂದಿಗಿನ ನಿಮ್ಮ ಮಾತುಕತೆ ಅವಧಿ ಮುಗಿದ ಕಾರಣ ಇಂದಿಗೆ ಕೊನೆಗೊಂಡಿದೆ.' ಊರಿನ ಹೆಸರೂ, ಕನ್ಯೆಯೋ ವರನೋ ಎಂಬುದೂ ಆಯಾ ಮನೆಯ ಪ್ರಕಾರ ತಾವೇ ಬದಲಾಗುತ್ತಿದ್ದವು. ಕೊನೆಗೆ 'ಶುಭವಾಗಲಿ' ಎಂದು ಸೇರಿಸಿದ್ದು ಅಕ್ಕಾರು.

ಒಂದು ಸೋಮವಾರ ಬೆಳಿಗ್ಗೆ ಪ್ರೋಗ್ರಾಮು ಮೊದಲ ಸಲ ಎದ್ದಿತು. ವರ್ಷಗಟ್ಟಲೆ ಸಿಕ್ಕಿಕೊಂಡಿದ್ದ ಮಾತುಕತೆಗಳೆಲ್ಲ ಒಂದೇ ಉಸಿರಿನಲ್ಲಿ ಮುಗಿದವು.

ಕಾಲೇಜಿಗೆ ಹೊರಟವಳಿಗೆ ಅಕ್ಕಾರ ಫೋನು. ಹಿಂದೆ ಜನರ ಗದ್ದಲ ಕೇಳುತ್ತಿತ್ತು. ರಜೆ ಹಾಕಿ ಹೋದೆ. ಸಿರವಾರದಿಂದ ಒಬ್ಬ ಅಕ್ಕಿ ವ್ಯಾಪಾರಿ ಬಂದು ನಿಂತಿದ್ದರು. ಅವರ ಮಗಳ ಮಾತುಕತೆ ಎಂದೋ ಕೂಡಿಬಂದು, ನಿಶ್ಚಿತಾರ್ಥವಾಗಿ, ಕಾರ್ಡೂ ಹಂಚಿಯಾಗಿತ್ತು. ಕೇಂದ್ರಕ್ಕೆ ತಿಳಿಸುವುದನ್ನು ಮಾತ್ರ ಮರೆತಿದ್ದರು. ಮೆಸೇಜು ನೋಡಿ ಬೀಗರು ಮದುವೆ ಮುರಿದರೆಂದು ತಿಳಿದು ಅವರ ಹೆಂಡತಿ ಮೂರ್ಛೆ ಹೋಗಿದ್ದರು. "ಕೊನಿಗೊಂಡದ ಅಂತ ಬರದು ಕೆಳಗ ಶುಭವಾಗಲಿ ಅಂತೀರಲ್ಲರೀ, ಮನಷ್ಯಾರೇನು ನೀವು?" ಎಂದು ಕೇಳಿದರು. ಅಕ್ಕಾರು ಬೀಗರಿಗೆ ತಾವೇ ಫೋನ್ ಮಾಡಿ ಸಮಾಧಾನ ಹೇಳಿ ಕಳಿಸಿದರು. ಅಂಥ ಫೋನುಗಳು ಮಧ್ಯಾಹ್ನದ ತನಕ ಬರುತ್ತಲೇ ಇದ್ದವು.

ಮಧ್ಯಾಹ್ನ ಮೆಟ್ಟಿಲು ಹತ್ತಿ ಒಂದು ಜೋಡಿ ಬಂತು. ಮುಂದೆ ಒಬ್ಬ ಹೆಣ್ಣುಮಗಳು, ನನ್ನದೇ ವಯಸ್ಸಿನವಳು, ಕೈಯಲ್ಲಿ ಗಂಡನ ಮೊಬೈಲು. ಹಿಂದೆ, ತಲೆ ಬಗ್ಗಿಸಿಕೊಂಡು, ಮಾನ್ವಿಯ ಗಣಿತದ ಮಾಸ್ತರ.

ನಾನು ಕಂಪ್ಯೂಟರಿನ ಪರದೆಯನ್ನೇ ನೋಡುತ್ತಾ ಕೂತೆ.

"ಯಾರ್ರಿ ಇಲ್ಲಿ ದೊಡ್ಡೋರು?" ಆಕೆ ಮೊಬೈಲನ್ನು ಅಕ್ಕಾರ ಮುಂದೆ ಹಿಡಿದಳು. "ನನ್ನ ಮದುವಿ ಆಗಿ ಒಂದ್ ವರ್ಷ ಆತು. ಇವತ್ತ ಮುಂಜಾನಿ ಇವರ ಮಾತುಕತಿ ಮುಗದದ ಅಂತ ಬಂದದ. ಅಂದ್ರ ನಿನ್ನೀತನ ನಡದಿತ್ತೇನು?"

"ಇಲ್ಲವಾ ತಾಯಿ, ಅದು ಹಳೀದು. ಮಶಿನ್ ಕಳಸ್ಯಾದ."

"ಮಶಿನ್ನಿಗೆ ಯಾರ್ ಹೇಳಿದ್ರು ಇವತ್ತ ಮುಗೀತು ಅಂತ? ಆ ಹುಡುಗಿ ಯಾರು? ನಾ ಆಕೀನ್ನ ನೋಡಬೇಕು."

"ಆಕಿ ಈಗ ಊರಾಗಿಲ್ಲ ತಾಯಿ" ಎಂದರು ಅಕ್ಕಾರು, ನನ್ನ ಕಡೆ ನೋಡದೆ.

ಅಕ್ಕಾರು ನನ್ನನ್ನು ನೋಡಲಿಲ್ಲ, ಆದರೆ ಮಾಸ್ತರ ನೋಡಿದ. ಗುರುತು ಹತ್ತಿದವನಂತೆ ಒಂದು ಹೆಜ್ಜೆ ಹಿಂದೆ ಸರಿದ. ಹೆಂಡತಿಯಾದವಳಿಗೆ ಅಷ್ಟು ಸಾಕು. ಅವಳ ಕಣ್ಣು ಗಂಡನಿಂದ ನನ್ನ ಕಡೆ ಬಂತು. ಇನ್ನು ಪರದೆ ನೋಡುವುದರಲ್ಲಿ ಅರ್ಥವಿರಲಿಲ್ಲ.

"ನಾನ ಆಕಿ" ಎಂದೆ. "ಆ ಮೆಸೇಜ್ ಹೋಗೋಹಂಗ ಮಾಡಿದಾಕೀನೂ ನಾನ."

ಆಕೆ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತಳು. ಜಗಳಕ್ಕೆಂದು ಬಂದವಳ ದನಿ ಇಳಿದಿತ್ತು.

"ನೀವ್ಯಾಕ ಇವರನ್ನ ಒಲ್ಲೆ ಅಂದ್ರಿ?"

"ನಾ ಒಲ್ಲೆ ಅನ್ನಲಿಲ್ಲ. ಇವರ ಅಪ್ಪ ತಿಳಸ್ತೀವಿ ಅಂದಿದ್ರು. ತಿಳಸಲಿಲ್ಲ."

ಮಾಸ್ತರ ಮೊದಲ ಸಲ ಬಾಯಿ ತೆರೆದ. "ನಮ್ಮಪ್ಪ ನಿಮ್ಮ ಕಡಿಂದ ಫೋನ್ ಬರತದ ಅಂತ ಕಾಯ್ದಾರ್ರಿ. ಹೆಣ್ಣಿನ ಕಡ್ಯಾರು ಕೇಳತಾರ, ಆಮ್ಯಾಲ ಹೇಳಿದ್ರಾತು ಅಂತ. ನೀವು ಮಾಡಲಿಲ್ಲ. ಒಲ್ಲೆ ಅಂದಾರ ಅಂತ ತಿಳದ್ವಿ."

ಅವ್ವ ಅಡುಗೆಮನೆಯಿಂದ ಬಂದು ಬಂದು ಹೋಗುತ್ತಿದ್ದ ದಿನಗಳಲ್ಲಿ, ಮಾನ್ವಿಯಲ್ಲಿ ಅವರಪ್ಪನೂ ಫೋನಿನ ಹತ್ತಿರ ಕೂತಿದ್ದರೆಂದು ನನಗೆ ಗೊತ್ತಾದದ್ದು ಆಗ. ನಗು ಬಂತು, ನಗಲಿಲ್ಲ. ಎದುರಿಗಿದ್ದವಳ ಮುಖ ನಗುವಂತಿರಲಿಲ್ಲ.

"ಅಂದ್ರ ಇವರು ಒಲ್ಲೆ ಅಂದಿಲ್ಲ, ನೀವೂ ಒಲ್ಲೆ ಅಂದಿಲ್ಲ" ಎಂದಳು ನಿಧಾನವಾಗಿ. "ನಡುವ ನನ್ನ ಮದುವಿ ಆಗ್ಯಾದ. ನಾ ಎಲ್ಲಿ ಬರತೀನ್ರಿ ಇದರಾಗ?"

"ಹೊತ್ತು ಆತು, ಮುಗೀತು. ಅಷ್ಟ ಅದು" ಎಂದೆ. ಹೇಳುವಾಗಲೇ ಅದು ಎಷ್ಟು ತೆಳ್ಳಗಿದೆ ಎಂದು ನನಗೇ ಅನ್ನಿಸಿತು.

"ಹೊತ್ತು ಆದ್ರ ಮುಗದಬಿಡತದೇನ್ರಿ? ಯಾರೂ ಅನ್ನದಽ?" ಆಕೆ ಗಂಡನ ಕಡೆ ತಿರುಗಿದಳು. "ಈಗ ಅನ್ರಿ. ನನ್ನ ಮುಂದ. ಅವರಿಗೆ."

ಮಾಸ್ತರ ನನ್ನನ್ನು ನೋಡಿದ, ಅಕ್ಕಾರನ್ನು ನೋಡಿದ, ಗೋಡೆಯ ಮೇಲಿನ ಮದುವೆ ಜೋಡಿಗಳ ಫೋಟೋಗಳನ್ನು ನೋಡಿದ. ಯಾವ ಕಡೆಯಿಂದಲೂ ಸಹಾಯ ಬರಲಿಲ್ಲ. ಕೈ ಮುಗಿದ.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ನನಗ ನೀವು ಬ್ಯಾಡ್ರಿ."

ಜೀವನದಲ್ಲಿ ನನ್ನನ್ನು ಮುಖಕ್ಕೆ ಮುಖ ಕೊಟ್ಟು ಬೇಡವೆಂದ ಮೊದಲ ಗಂಡಸು ಅವನು, ಅದೂ ಮದುವೆಯಾಗಿ ವರ್ಷವಾದ ಮೇಲೆ, ಹೆಂಡತಿಯ ಸಮಕ್ಷಮ, ಕೈಮುಗಿದುಕೊಂಡು. ನಾನು ಅವನನ್ನು ಮರೆತು ಬಹಳ ಕಾಲವಾಗಿತ್ತು. ಆದರೂ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಆ ಚುಚ್ಚುವಿಕೆಯ ಹಿಂದೆಯೇ, ಹೆಗಲ ಮೇಲಿನ ಗಂಟು ಇಳಿಸಿದಂಥ ಹಗುರವೂ ಬಂತು. ಆಕೆ ಈಗ ನನ್ನ ಕಡೆ ನೋಡುತ್ತಿದ್ದಳು.

"ನನಗೂ ನೀವು ಬ್ಯಾಡ್ರಿ ಸರ್" ಎಂದೆ.

"ಆತಲ್ಲ" ಎಂದಳು ಆಕೆ. ಅಕ್ಕಾರು ಕಿಟಕಿಯಿಂದ ಬಗ್ಗಿ ಕೆಳಗಿನ ಅಂಗಡಿಗೆ ಚಹಾ ಹೇಳಿದರು. ಚಹಾ ಬರುವಷ್ಟರಲ್ಲಿ ಆಕೆಯ ತವರು ಚೀಕಲಪರ್ವಿ ಎಂದೂ, ಬಿ.ಎಡ್ ಮುಗಿಸಿ ನೌಕರಿಗೆ ಕಾಯುತ್ತಿದ್ದಾಳೆಂದೂ ಗೊತ್ತಾಯಿತು. ಹೋಗುವಾಗ ನನ್ನ ನಂಬರು ತೆಗೆದುಕೊಂಡಳು. ಮಾಸ್ತರ ತನ್ನ ಮೊಬೈಲನ್ನು ವಾಪಸ್ ಕೇಳುವ ಧೈರ್ಯ ಮಾಡಲಿಲ್ಲ.

ಮನೆಯಲ್ಲಿ ಅವ್ವನಿಗೆ ಹೇಳಿದೆ.

"ಏನಂದ?"

"ಬ್ಯಾಡ ಅಂದ."

"ಈಗಾ?" ಅವ್ವ ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದಳು. "ಮದುವಿ ಮಾಡ್ಕೊಂಡು, ವರ್ಷ ಸಂಸಾರ ಮಾಡಿ, ಈಗ ಬಂದು ಬ್ಯಾಡ ಅಂತಾನ?" ಅವನಪ್ಪ ಎರಡು ಸಲ ಹಾಕಿಸಿಕೊಂಡ ಒಗ್ಗರಣೆಯನ್ನೂ ಸೇರಿಸಿ ಬಹಳ ಹೊತ್ತು ಬೈದಳು. ಬೈಯುತ್ತಾ ಬೈಯುತ್ತಾ ಅವಳಿಗೇ ನಗು ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

ಆ ವಾರವೇ ಪ್ರೋಗ್ರಾಮನ್ನು ಬಿಚ್ಚಿ ಮತ್ತೆ ಕಟ್ಟಿದೆ. ಬೆಳಿಗ್ಗೆ ಎದ್ದು ಬಾಗಿಲು ಬಾಗಿಲು ತಿರುಗುವ ಭಾಗವನ್ನು ಕಿತ್ತುಹಾಕಿದೆ. ಮಾತುಕತೆ ಶುರುವಾಯಿತು, ಮುಗಿಯಿತು, ನಿಶ್ಚಯವಾಯಿತು, ಇವು ಯಾರಾದರೂ ಮನುಷ್ಯರು ಹೇಳಿದರೆ ಮಾತ್ರ ಬದಲಾಗಬೇಕು. ಕಾಲಕ್ಕೆ ಆ ಅಧಿಕಾರ ಇಲ್ಲ. ಕೊನೆಯ ಸುದ್ದಿ ಬಂದ ದಿನವನ್ನು ಮಾತ್ರ ವಸ್ತು ನೆನಪಿಟ್ಟುಕೊಳ್ಳುತ್ತದೆ. ಯಾರಾದರೂ ಕೇಳಿದಾಗ ತನ್ನ ಗಡಿಯಾರ ನೋಡಿ, ಬಹಳ ದಿನವಾಗಿದ್ದರೆ 'ಸುದ್ದಿ ಇಲ್ಲ' ಎನ್ನುತ್ತದೆ. ಅದು ಮುಗಿಯಿತು ಎಂದಲ್ಲ, ನಡೆದಿದೆ ಎಂದೂ ಅಲ್ಲ. ಸುದ್ದಿ ಇಲ್ಲದವರು ಬೇರೆಯವರ ಕಣ್ಣಿಗೆ ಬೀಳುತ್ತಾರೆ. ಯಾರಿಗಾದರೂ ಅವರಲ್ಲಿ ಆಸಕ್ತಿ ಬಂದರೆ, ಮೊದಲು ಅಕ್ಕಾರು ತಾವೇ ಹಳೆಯ ಮನೆಗೆ ಫೋನ್ ಮಾಡಿ "ಹೌದೋ ಅಲ್ಲೋ ಹೇಳ್ರಿ" ಎಂದು ಕೇಳಬೇಕು. ದೇವದುರ್ಗದ ಅಕ್ಕನ ಮಗಳಿಗೆ ಹಾಗೆಯೇ ಒಂದು ಸಂಬಂಧ ಕೂಡಿಬಂತು. ಮದುವೆಯಲ್ಲಿ ಅಕ್ಕಾರು ನನ್ನನ್ನು "ಗಡಿಯಾರ ಕಟ್ಟೋ ಮೇಡಮ್ಮಾರು" ಎಂದು ಬೀಗರಿಗೆ ಪರಿಚಯಿಸಿದರು. ಅವರಲ್ಲೊಬ್ಬರು ತಮ್ಮ ನಿಂತುಹೋದ ಕೈಗಡಿಯಾರವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಕೆಲವು ತಿಂಗಳ ಮೇಲೆ ಮಾನ್ವಿಯಿಂದ ಮಾಸ್ತರನ ಹೆಂಡತಿಯ ಫೋನು. "ನಮ್ಮಣ್ಣ ಒಬ್ಬಾಂವ ಅದಾನ್ರಿ, ಚೀಕಲಪರ್ವಿಯಾಗ. ಪಂಪ್‌ಸೆಟ್ ರಿಪೇರಿ ಅಂಗಡಿ. ಒಂದ್ ಸಲ ನೋಡ್ರಲ್ಲ." ನಾನು ಏನಾದರೂ ಹೇಳುವ ಮೊದಲೇ ಅವ್ವ ಹೊಸ ಸೀರೆ ತೆಗೆದಿದ್ದಳು. ಗಂಡನ್ನು ನೋಡಲು ಹೆಣ್ಣಿನವರೇ ಹೋಗುವುದು ಪದ್ಧತಿಯಲ್ಲ ಎಂದು ಗೊಣಗುತ್ತಲೇ ನನಗಿಂತ ಮುಂಚೆ ಬಸ್ಸು ಹತ್ತಿದಳು.

ಚೀಕಲಪರ್ವಿಯಲ್ಲಿ ಊಟಕ್ಕೆ ಮೊದಲು ಅವಳ ಅಣ್ಣನನ್ನೂ ನನ್ನನ್ನೂ ಹೊಳೆಯ ಕಡೆ ನಡೆದು ಬರಲು ಕಳಿಸಿದರು. ತುಂಗಭದ್ರೆಯಲ್ಲಿ ನೀರು ಕಡಿಮೆ ಇತ್ತು, ಬಂಡೆಗಳು ಎದ್ದು ಕಾಣುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಅವನು ನಿಂತ.

"ಒಂದ್ ಮಾತ್ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ನನಗ ಸದ್ಯಕ್ಕ ಮದುವಿ ಮನಸಿಲ್ಲ. ತಂಗಿ ಮಾತು ತಗದಹಾಕಾಕ ಆಗಲಿಲ್ಲ."

"ನನಗೂ ಇಲ್ರಿ. ನಮ್ಮವ್ವನ ಮಾತು."

ಇಬ್ಬರೂ ಒಂದು ಬಂಡೆಯ ಮೇಲೆ ಕೂತೆವು. ಮೋಟಾರು ಯಾಕೆ ಸುಡುತ್ತದೆ ಎಂಬುದನ್ನು ಅವನು ಚೆನ್ನಾಗಿ ವಿವರಿಸಿದ. ಹೊಟ್ಟೆ ಹಸಿದ ಮೇಲೆ ಎದ್ದೆವು. ಅಂಗಳಕ್ಕೆ ಕಾಲಿಡುತ್ತಲೇ ಅವನು ತನ್ನ ಮಾತು ಹೇಳಿದ, ನಾನು ನನ್ನದು ಹೇಳಿದೆ.

ಎರಡೂ ಕಡೆಯ ಹಿರಿಯರಿಗೆ ಸಿಟ್ಟು ಬಂತು. ಬೇಡ ಅಂದದ್ದಕ್ಕಲ್ಲ. "ಇಷ್ಟು ಲಗೂನ ಹೇಳೋದೇನಪಾ?" ಎಂದರು ಅವನ ಅಪ್ಪ. "ಉಂಡು, ಊರಿಗೆ ಹೋಗಿ, ನಾಕ್ ದಿನ ಬಿಟ್ಟು ತಿಳಸಬೇಕು. ಇದೇನ್ ರೀತಿ?" ಅವ್ವ ಅವರ ಮಾತಿಗೆ ಜೋರಾಗಿ ತಲೆಯಾಡಿಸಿದಳು. ಮಾಸ್ತರನ ಹೆಂಡತಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅವಳ ನಗು ಅಡುಗೆಮನೆಯಿಂದ ಕೇಳುತ್ತಲೇ ಇತ್ತು.

ಊಟವೇನೋ ಬಹಳ ಚೆನ್ನಾಗಿತ್ತು. ಅವ್ವ ಮಾನ್ವಿ ಬರುವ ತನಕ ನನ್ನ ಜೊತೆ ಮಾತಾಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಕೊಂಡು ನನ್ನ ಕೈಗೂ ಸುರಿದಳು.

"ಆದ್ರೂ ಹುಡುಗ ಚಲೋ ಇದ್ದ" ಎಂದಳು.

"ಹೌದವ್ವಾ, ಚಲೋ ಇದ್ದ."

ರಾಯಚೂರಿನ ಬಸ್ಸು ಬಂದಾಗ ಮೊದಲು ಹತ್ತಿ ಸೀಟು ಹಿಡಿದವಳು ಅವಳೇ. ನಾನು ಹತ್ತಿದ ಮೇಲೆ ಪಕ್ಕಕ್ಕೆ ಸರಿದು ಕಿಟಕಿಯ ಕಡೆಯ ಜಾಗವನ್ನು ನನಗೆ ಬಿಟ್ಟಳು.